ಅವ್ವ ಅನ್ನಬೇಡ, ಅಮ್ಮ ಅನ್ನು

ದೇವರು ಎಂಥವನು, ಈ ಜಗತ್ತು ಎಲ್ಲಿಂದ ಶುರುವಾಯಿತು ಎಂಬ ಎರಡು ಪ್ರಶ್ನೆಗಳನ್ನು ಪಾಠ ಮಾಡಿಯೇ ನಾನು ಹೊಟ್ಟೆ ಹೊರೆದದ್ದು. ಮೈಸೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾಗಿದ್ದೆ. ಉತ್ತರ ಗೊತ್ತಿಲ್ಲದ ವಿಷಯವನ್ನು ಕಲಿಸಿ ಪಿಂಚಣಿ ಪಡೆದವನು ನಾನೊಬ್ಬನೇ ಅಲ್ಲ, ಆದ್ದರಿಂದ ಅದಕ್ಕೆ ನಾಚಿಕೆಯಿಲ್ಲ. ನದೀಮೂಲ ಋಷಿಮೂಲ ಕೇಳಬಾರದು ಅನ್ನುತ್ತಾರೆ. ನಾನು ದೇವರ ಮೂಲವನ್ನೇ ಕೇಳಿದೆ, ಅದಕ್ಕೂ ನಾಚಿಕೆಯಿಲ್ಲ. ನಾಚಿಕೆ ಇರುವುದು ಅದನ್ನು ಮೊದಲ ಸಲ ನಾಲ್ಕು ಜನರ ಮುಂದೆ ಎದ್ದು ನಿಂತು ಕೇಳಿದ ಒಂದು ದಿನದ ಬಗ್ಗೆ. ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಬೇರೆ ಕಡೆ ಇರಬೇಕಾಗಿತ್ತು.

ಸ್ವಾತಂತ್ರ್ಯ ಬಂದು ಮೂರು ನಾಲ್ಕು ವರ್ಷವಾಗಿತ್ತು. ನಮ್ಮದು ಊರಲ್ಲಿ ರಾಗಿ ಬೆಳೆಯುವ ಮನೆ. ಓದಿಗೆಂದು ನಾನು ಪಡುವಾರಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಬಂದು ಸೇರಿಕೊಂಡಿದ್ದೆ. ಆಗ ಪಡುವಾರಹಳ್ಳಿ ಹೆಸರಿಗೆ ಮಾತ್ರ ಮೈಸೂರು. ಎಮ್ಮೆಗಳು ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬಂದು ಮನೆ ಬಾಗಿಲಲ್ಲೇ ಮಲಗುತ್ತಿದ್ದವು. ಭಾವ ನೂಲಿನ ಗಿರಣಿಯಲ್ಲಿ ಪಾಳಿಯ ಕೆಲಸದಲ್ಲಿದ್ದರು. ಅಕ್ಕನಿಗೆ ನಾಲ್ಕು ವರ್ಷದ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಕೂಸು ಅಂತಲೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಬರೆಯುತ್ತೇನೆ.

ನಮ್ಮ ಕಡೆ ಹೆತ್ತವಳು ಅವ್ವ. ಅಮ್ಮ ಅಂದರೆ ದೇವರು, ಊರ ಮಾರಮ್ಮ. ಕಾಲೇಜಿನಲ್ಲಿ ನಾನು ಒಮ್ಮೆ ಬಾಯಿತಪ್ಪಿ "ನಮ್ಮವ್ವ" ಅಂದಾಗ ಸರಸ್ವತಿಪುರಂ ಕಡೆಯ ಇಬ್ಬರು ಸಹಪಾಠಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗು ನನಗೆ ಎಷ್ಟು ಚುಚ್ಚಿತೆಂದರೆ, ಮನೆಗೆ ಬಂದವನೇ ಕೂಸನ್ನು ತಿದ್ದಲು ಕೂತೆ. "ಅವ್ವ ಅನ್ನಬೇಡ, ಅಮ್ಮ ಅನ್ನು." ಒಂದು ಸಲ ಸರಿಯಾಗಿ ಅಂದರೆ ಒಂದು ಪೆಪ್ಪರ್‌ಮೆಂಟು. ವಾರದೊಳಗೆ ಕೂಸು ಅಕ್ಕನನ್ನು ಅಮ್ಮ ಎಂದು ಕರೆಯತೊಡಗಿತು. ಅಕ್ಕ ಮೊದಲು ಮುಖ ಊದಿಸಿಕೊಂಡಳು, ಆಮೇಲೆ ಒಳಗೊಳಗೇ ಹಿಗ್ಗಿದಳು.

"ನನ್ನೂ ಪ್ಯಾಟೆ ಹೆಂಗ್ಸು ಮಾಡ್ಬುಟ್ಟೆ ಕಣೋ" ಅಂದಳು.

ಹೀಗೆ ಆ ಮನೆಯಲ್ಲಿ ಇಬ್ಬರು ಅಮ್ಮಂದಿರಾದರು. ಅದರಲ್ಲಿ ಏನು ಅಪಾಯವಿದೆ ಅಂತ ಆಗ ಯಾರಿಗೆ ಹೊಳೆಯಬೇಕು!

ಜಗತ್ತಿನ ಹುಟ್ಟಿನ ಕಥೆಯನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ಕೂಸಿಗೆ ಉಣ್ಣಿಸುತ್ತಾ ಅಕ್ಕ ಹೇಳುತ್ತಿದ್ದಳು. ಅವಳಿಗೆ ನಮ್ಮವ್ವ ಹೇಳಿದ್ದಳಂತೆ.

"ಮದ್ಲು ಬರೀ ನೀರು ಕಣವ್ವ. ಅದ್ರ ಮ್ಯಾಲೆ ಅಮ್ಮ ಒಬ್ಬಳೇ. ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ. ಬ್ಯಾಸರ ಆಯ್ತು. ಮೂರು ಮೊಟ್ಟೆ ಇಟ್ಟು ಕಾವಿಗೆ ಕೂತ್ಲು. ಒಂದು ಒಡೀತು, ಆಕಾಸ ಆಯ್ತು. ಇನ್ನೊಂದು ಒಡೀತು, ಭೂಮಿ ಆಯ್ತು. ಮೂರನೇದು ಒಡೀಲೇ ಇಲ್ಲ."

"ಆಮೇಲೆ?"

"ಅದ್ನ ಮಡ್ಲಲ್ಲಿ ಕಟ್ಕೊಂಡು ಈಗ್ಲೂ ತಿರುಗ್ತಾವ್ಳೆ, ಕಾವು ಸಾಲ್ದು ಅಂತ. ಬಿಸ್ಲುಗಾಲ್ದಲ್ಲಿ ಊರೂರಿಗೆ ಬತ್ತಾಳೆ. ಮಕ್ಕಳ ಮೈ ಬೆಚ್ಚಗಿರ್ತದಲ್ಲ, ಅಲ್ಲಿ ಮಡಗಿ ನೋಡ್ತಾಳೆ."

ಮೈಮೇಲೆ ಅಮ್ಮ ಏಳುವುದು, ಅಂದರೆ ಸಿಡುಬು, ನಮ್ಮವರ ಲೆಕ್ಕದಲ್ಲಿ ಇದೇ. ಒಡೆಯದ ಮೊಟ್ಟೆಗೆ ಕಾವು ಹುಡುಕಿಕೊಂಡು ಬರುವ ತಾಯಿ.

"ಒಡದ್ರೆ ಏನ್ ಬತ್ತದೆ?" ಅಂತ ಕೂಸು ಕೇಳಿತು.

"ಅದು ಅಮ್ಮಂಗೂ ಗೊತ್ತಿಲ್ಲ."

"ಅಮ್ಮನ್ನ ಯಾರು ಮೊಟ್ಟೆ ಇಟ್ರು?"

"ಬಾಯ್ಮುಚ್ಕೊಂಡು ಉಣ್ಣು."

ಗೋಡೆಗೊರಗಿ ಓದುತ್ತಿದ್ದ ನಾನು ಜೋರಾಗಿ ನಕ್ಕುಬಿಟ್ಟೆ. ಆದಿಕಾರಣಕ್ಕೆ ಕಾರಣ ಯಾವುದು ಎಂಬ ಇದೇ ಪ್ರಶ್ನೆಯ ಮೇಲೆ ಕಾಲೇಜಿನ ಸಭೆಯಲ್ಲಿ ಓದಲು ನಾನು ಒಂದು ತಿಂಗಳಿಂದ ಪ್ರಬಂಧ ಬರೆಯುತ್ತಿದ್ದೆ. ದೊಡ್ಡ ದೊಡ್ಡವರೆಲ್ಲ ಕೊಟ್ಟ ಉತ್ತರವನ್ನು ಹಿಂಡಿದರೆ ಅಕ್ಕನ ಉತ್ತರವೇ ಬರುತ್ತಿತ್ತು. ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ, ಅಷ್ಟೇ.

ಅದೇ ದಿನಗಳಲ್ಲಿ ಪಡುವಾರಹಳ್ಳಿಗೆ ದಾಕಿನವರು ಬರುತ್ತಾರೆಂಬ ಸುದ್ದಿ ಬಂತು. ಸಿಡುಬು ಬಾರದಂತೆ ತೋಳಿಗೆ ಗೀರಿ ಹಾಕುವ ಮದ್ದಿಗೆ ನಮ್ಮಲ್ಲಿ ದಾಕು ಅನ್ನುತ್ತಿದ್ದರು. ಗಾಯವಾಗುತ್ತಿತ್ತು, ಕೀವಾಗುತ್ತಿತ್ತು, ಜ್ವರ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಬರುವ ದಾರಿಗೆ ಅಡ್ಡ ಬೇಲಿ ಹಾಕಿದರೆ ಅವಳು ಮುನಿಯುತ್ತಾಳೆ ಎಂಬ ಭಯ. ಕೂಸು ಹುಟ್ಟಿದ ವರ್ಷ ದಾಕಿನವರು ಬಂದಾಗ ಅಕ್ಕ ಅದನ್ನು ರಾಗಿ ಕಣಜದ ಹಿಂದೆ ಬಚ್ಚಿಟ್ಟು ಮನೆಯಲ್ಲಿ ಮಕ್ಕಳೇ ಇಲ್ಲ ಅಂದಿದ್ದಳು.

ಈ ಸಲ ನಾನು ಬಿಡಲಿಲ್ಲ. ಎಂಟು ದಿನ ಅವಳ ಹಿಂದೆ ಬಿದ್ದೆ. ನನ್ನ ತೋಳಿನ ಕಲೆ ತೋರಿಸಿದೆ. "ಬರೋದು ಅಮ್ಮ ಅಲ್ಲ ಕಣಕ್ಕ, ಕಾಯಿಲೆ" ಅಂದೆ. ಅವಳು ನನ್ನ ಬಾಯಿ ಮುಚ್ಚಿದಳು. "ಓದಿ ಓದಿ ಮರುಳಾದ ಕೂಚುಭಟ್ಟ" ಅಂತ ಬೈದಳು. ಭಾವ ನನ್ನ ಪಕ್ಷ ವಹಿಸಿದರು. ಕೊನೆಗೆ ಅಕ್ಕ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ.

"ಕೂಸಿನ ಕೈ ಕುಯ್ಯೋದ ನಾನು ನೋಡಕ್ಕಾಗಕ್ಕಿಲ್ಲ. ನೀನೇ ಕರ್ಕೊಂಡೋಗು. ನಿನ್ ತೊಡೆ ಮ್ಯಾಲೇ ಕೂರುಸ್ಕೊ."

ದಾಕಿನವರು ಚಾವಡಿಗೆ ಬಂದದ್ದೂ ನನ್ನ ಪ್ರಬಂಧದ ದಿನವೇ. ಸಭೆ ಒಂಬತ್ತಕ್ಕೆ ಶುರು. ನನ್ನದು ಮುಗಿಸಿಕೊಂಡು ಹನ್ನೊಂದಕ್ಕೆ ಬಂದುಬಿಡುತ್ತೇನೆ, ಮಧ್ಯಾಹ್ನದ ತನಕ ಅವರು ಇದ್ದೇ ಇರುತ್ತಾರೆ ಅಂತ ಹೇಳಿ ಸೈಕಲ್ ಹತ್ತಿದೆ.

ಪ್ರಬಂಧವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿತ್ತು. ಶುರು ಮಾಡಿದ್ದು ಅಕ್ಕನ ಮೂರು ಮೊಟ್ಟೆಯ ಕಥೆಯಿಂದಲೇ. ಅವಳ ಬಾಯಲ್ಲಿ ಕೇಳಿದರೆ ಮೈ ಜುಮ್ಮೆನ್ನಿಸುವ ಕಥೆ ಇಂಗ್ಲಿಷಿಗೆ ಬಂದ ಕೂಡಲೇ ನಗೆಪಾಟಲಾಯಿತು, ನನಗೆ ಬೇಕಾಗಿದ್ದದ್ದೂ ಅದೇ. ಸಭೆ ನಕ್ಕಿತು. ಅವ್ವ ಅಂದಿದ್ದಕ್ಕೆ ನಕ್ಕವರಿಬ್ಬರೂ ನಕ್ಕರು. ಆಮೇಲೆ ನಾನು ತರ್ಕಕ್ಕೆ ಇಳಿದೆ. ದೇವರು ಪೂರ್ಣನಾದರೆ ಅವನಿಗೆ ಏನೂ ಬೇಕಿಲ್ಲ. ಏನೂ ಬೇಕಿಲ್ಲದವನು ಏನನ್ನೂ ಮಾಡಲು ಕೈಹಾಕುವುದಿಲ್ಲ. ಬೇಕೆಂದು ಮಾಡಿದ್ದರೆ ಅವನು ಪೂರ್ಣನಲ್ಲ, ಆ ಅಮ್ಮನ ಹಾಗೆ ಬೇಸರ ಹಿಡಿದು ಕೂತ ಬಡಪಾಯಿ. ಹೀಗೆ ಎರಡು ಕಡೆಯಿಂದಲೂ ದೇವರನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ. ಚಪ್ಪಾಳೆ ಬಿತ್ತು. ನಮ್ಮ ಮೇಷ್ಟ್ರು, ಪೇಟ ಸುತ್ತಿ ಕ್ಲೋಸ್ ಕಾಲರ್ ಕೋಟು ಹಾಕುತ್ತಿದ್ದ ಹಿರಿಯರು, ಹತ್ತಿರ ಕರೆದು ಬೆನ್ನು ತಟ್ಟಿದರು. ಪ್ರಶ್ನೆಗಳು ಬಂದವು. ಉತ್ತರ ಹೇಳಿದೆ. ಕಾಫಿಗೆ ಕರೆದರು. ಹೋದೆ. ಗಡಿಯಾರ ಕಣ್ಣಿಗೆ ಬಿದ್ದಾಗ ಹನ್ನೊಂದೂವರೆ. ಇನ್ನೂ ಹೊತ್ತಿದೆ ಅಂದುಕೊಂಡೆ. ಒಬ್ಬರು ಇನ್ನೊಂದು ಪ್ರಶ್ನೆ ಕೇಳಿದರು. ಹೊಗಳಿಕೆಯನ್ನು ಅರ್ಧಕ್ಕೆ ಬಿಟ್ಟು ಏಳುವುದು ಇಪ್ಪತ್ತೊಂದು ವರ್ಷದವನಿಗೆ ಸುಲಭವಲ್ಲ ಅಂತ ಈಗ ಬರೆಯಬಹುದು. ಆಗ ನನಗೆ ಏಳಬೇಕು ಅಂತಲೇ ಅನ್ನಿಸಲಿಲ್ಲ.

ಸಂಜೆ ನಾಲ್ಕಕ್ಕೆ ಮನೆ ಮುಟ್ಟಿದೆ. ಅಕ್ಕ ಬಾಗಿಲಲ್ಲಿ ಕೂತಿದ್ದಳು. ಕೂಸಿಗೆ ತಲೆ ಬಾಚಿ, ಹೊಸ ಲಂಗ ಹಾಕಿ, ತೋಳು ಬಿಡಿಸಲು ಸುಲಭವಾಗಲೆಂದು ಕುಪ್ಪಸದ ಗುಂಡಿ ಬಿಚ್ಚಿಟ್ಟಿದ್ದಳು. ಕೂಸು ಹಾಗೇ ನಿದ್ದೆ ಹೋಗಿತ್ತು.

ನಿಜ ಹೇಳಬಹುದಿತ್ತು. ಅಕ್ಕ ಬೈಯುತ್ತಿದ್ದಳು, ಭಾವ ಒಂದು ವಾರ ಮಾತು ಬಿಡುತ್ತಿದ್ದರು, ಅಷ್ಟೇ. ನಾನು ಹೇಳಿದೆ: "ಕಾಲೇಜಿಂದ ನೇರ ಚಾವಡಿಗೇ ಹೋಗಿ ಕೇಳ್ದೆ ಅಕ್ಕ. ಮದ್ದು ಮುಗಿದುಹೋಗಿತ್ತು. ಹೊಸ ಮದ್ದು ತರಿಸ್ತಾರಂತೆ ಅಂತ ಕಾಯ್ಕೊಂಡು ಕೂತಿದ್ದೆ, ಬರಲೇ ಇಲ್ಲ."

ಅಕ್ಕನ ಮುಖ ಒಂದು ಗಳಿಗೆ ಪೆಚ್ಚಾಯಿತು. ಆಮೇಲೆ ನಿಧಾನವಾಗಿ ಅರಳಿತು. ಎಂಟು ದಿನದಿಂದ ಹೊತ್ತಿದ್ದ ಭಯ ಇಳಿದುಹೋಗಿತ್ತು. ನಮ್ಮ ಬೀದಿಯಿಂದ ಬೇರೆ ಯಾರೂ ಮಕ್ಕಳನ್ನು ಕಳಿಸಿರಲಿಲ್ಲ, ಮದ್ದು ಇತ್ತು ಅಂತ ಹೇಳುವವರೂ ಇರಲಿಲ್ಲ.

"ನೋಡ್ದಾ? ಅಮ್ಮನೇ ಮದ್ದು ಮುಗುಸ್ಬುಟ್ಲು. ಅವಳ್ಗೇ ಇಷ್ಟ ಇಲ್ಲ ಕಣೋ. ಇನ್ನು ಆ ಮಾತು ಎತ್ತಬ್ಯಾಡ."

ಮೂರು ವಾರ ಬಿಟ್ಟು ದಾಕಿನವರು ಒಂಟಿಕೊಪ್ಪಲಿಗೆ ಬಂದಾಗ ನಾನು ಮತ್ತೆ ಕೇಳಿದೆ. ಅಕ್ಕ ಸುತರಾಂ ಒಪ್ಪಲಿಲ್ಲ. ಒಂದ್ಸಲ ಬ್ಯಾಡ ಅಂದವ್ಳೆ, ಅವಳ ಮಾತು ಮೀರಕ್ಕಾಯ್ತದಾ ಅಂದಳು. ದೇವರಿಲ್ಲ ಎಂದು ಇಂಗ್ಲಿಷಿನಲ್ಲಿ ಸಾಧಿಸಿ ಬಂದ ದಿನವೇ ನಾನು ಕನ್ನಡದಲ್ಲಿ ದೇವರ ಬಾಯಾಗಿ ಮಾತಾಡಿದ್ದೆ. ನನ್ನ ಸುಳ್ಳು ಆ ಮನೆಯಲ್ಲಿ ದೇವರ ವಾಕ್ಯವಾಗಿ ಕೂತಿತ್ತು.

ಮಾರನೆಯ ಬೇಸಗೆಗೆ ಸಿಡುಬು ಬಂತು. ಕೂಸಿಗೆ ಮೊದಲು ಜ್ವರ, ಮೂರನೇ ದಿನ ಮುಖದ ಮೇಲೆ ಗುಳ್ಳೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ನಿಂತಿತು. ಯಾರೂ ತಲೆ ಬಾಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ, ಅಳುವಂತಿಲ್ಲ. ಮನೆಗೆ ಬಂದಿರುವವಳಿಗೆ ಬೇಸರವಾಗಬಾರದು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಇದು ಸಿಡುಬು ಅಂದೆ. ಅಕ್ಕ ನನ್ನ ಕೆನ್ನೆಗೆ ಹೊಡೆದಳು, ಕೂಡಲೇ ಗೋಡೆಯ ಕಡೆ ತಿರುಗಿ ತನ್ನ ಕೆನ್ನೆಗೂ ಎರಡು ಹೊಡೆದುಕೊಂಡು ತಪ್ಪಾಯಿತು ತಾಯಿ ಅಂದಳು. "ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡೋಯ್ತಾರೇನೋ?" ಅಂತ ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವಂತಿತ್ತು.

ಹತ್ತನೇ ದಿನ ಬೆಳಿಗ್ಗೆ. ಬೇವಿನ ಎಲೆ ಹಾಸಿದ ಬಟ್ಟೆಯ ಮೇಲೆ ಕೂಸು ಮಲಗಿತ್ತು. ಅಕ್ಕ ಪಕ್ಕದಲ್ಲಿ ಕೂತು ಹಣೆಯ ಮೇಲೆ ಕೈ ಇಟ್ಟಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೂಸಿನ ಕಣ್ಣು ಊದಿ ಮುಚ್ಚಿಹೋಗಿತ್ತು. ಕೈ ಚಾಚಿ ತಡವರಿಸಿ ಅಕ್ಕನ ಸೆರಗು ಹಿಡಿದುಕೊಂಡು "ಅಮ್ಮಾ" ಅಂತು. "ಅಮ್ಮಾ, ಬಾ."

ಅಕ್ಕ ಹಣೆಯ ಮೇಲಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಎರಡೂ ಕೈ ಜೋಡಿಸಿದಳು.

"ಕೂಸು ನಿನ್ನ ಕರೀತಾವ್ಳೆ ತಾಯಿ" ಅಂದಳು. "ಬಾ. ತಣ್ಣಗೆ ಮಾಡು."

ಕೂಸು ಇನ್ನೂ ನಾಲ್ಕೈದು ಸಲ ಕರೆಯಿತು. ಅಕ್ಕ ಕೈಮುಗಿದುಕೊಂಡೇ ಇದ್ದಳು, ಮುಟ್ಟಲಿಲ್ಲ. ಅದು ಕರೆಯುತ್ತಿರುವುದು ನಿನ್ನನ್ನು, ಎತ್ತಿಕೋ ಅಂತ ನನಗೆ ಗಂಟಲಿಗೆ ಬಂದಿತ್ತು. ಆ ಮಾತು ಹೇಳಲು ಹೋದರೆ ಹಿಂದಿನದೂ ಹೊರಗೆ ಬಂದುಬಿಡುತ್ತದೆ ಎಂದು ಹೆದರಿದೆನೋ ಏನೋ, ಸುಮ್ಮನೆ ನಿಂತೆ. ಬಿಸಿಲೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಗಲೂ ಅಕ್ಕ ಅಳಲಿಲ್ಲ, ಅಳಬಾರದಲ್ಲ. "ಕರೆದ್ಲು, ಬಂದ್ಲು, ಕರ್ಕೊಂಡೋದ್ಲು" ಅಂತ ಬಂದವರಿಗೆಲ್ಲ ಹೇಳಿದಳು.

ಅದಾದ ಮೇಲೆ ಒಂದು ದಿನ ಸರಸ್ವತಿಪುರಂನಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ತಲೆಮಾರುಗಳಿಂದ ಅರಮನೆಯ ಪಂಡಿತರ ಮನೆತನ ಅವರದು. ಸುಳ್ಳಿನ ವಿಷಯ ಹೇಳಲಿಲ್ಲ, ಮಗು ಹೋದದ್ದನ್ನಷ್ಟೇ ಹೇಳಿದೆ. ದೇವರು ಇದನ್ನೆಲ್ಲ ಯಾಕೆ ಮಾಡಿದ ಸಾರ್ ಅಂತ ಕೇಳಿದೆ. ಈ ಸಲ ತರ್ಕಕ್ಕಾಗಿ ಕೇಳಿರಲಿಲ್ಲ. ಅವರು ನಶ್ಯದ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿಕೊಂಡರು.

"ಲೀಲೆ ಅಂತಾರೆ. ಸೃಷ್ಟಿ ಅವನ ಆಟ ಅಂತ. ನಾನೂ ಇಷ್ಟು ವರ್ಷದಿಂದ ಅದನ್ನೇ ಪಾಠ ಹೇಳಿದೀನಿ. ಆಟದ ಸಾಮಾನಿನ ಗತಿ ಏನು ಅಂತ ಯಾರೂ ಬರೆದಿಟ್ಟಿಲ್ಲ ಕಣಯ್ಯ. ನಂಗೂ ಗೊತ್ತಿಲ್ಲ."

ಒಳಗಿಂದ ಕಾಫಿ ಬಂತು. ಇಬ್ಬರೂ ಕುಡಿದೆವು.

ನಾನೂ ಮೇಷ್ಟ್ರಾದೆ, ಮದುವೆಯಾದೆ, ಸರಸ್ವತಿಪುರಂನಲ್ಲೇ ಬಾಡಿಗೆಗೆ ಮನೆ ಹಿಡಿದೆ. ಅವ್ವ ಅನ್ನುವುದನ್ನು ನಾನು ಬಿಟ್ಟರೂ ಅವ್ವನ ಮೊಟ್ಟೆಯ ಕಥೆ ನನ್ನನ್ನು ಬಿಡಲಿಲ್ಲ. ಪುಸ್ತಕದ ದೇವರಿಗೆ ಏನೂ ಬೇಕಾಗಿಲ್ಲ, ಆದ್ದರಿಂದ ಅವನು ಯಾಕೆ ಸೃಷ್ಟಿಸಿದ ಅನ್ನುವುದಕ್ಕೆ ಉತ್ತರವಿಲ್ಲ. ಅಕ್ಕನ ಕಥೆಯ ಅಮ್ಮನಿಗೆ ಬೇಕಾಗಿದೆ. ಅವಳ ಕೆಲಸ ಅರ್ಧಕ್ಕೆ ನಿಂತಿದೆ, ಏನು ಹೊರಬರುತ್ತದೋ ಅವಳಿಗೇ ತಿಳಿಯದು, ಕಾವಿಗಾಗಿ ಅಲೆಯುತ್ತಿದ್ದಾಳೆ. ಈ ಲೋಕವನ್ನು ನೋಡಿದರೆ ಇದೇ ಹೆಚ್ಚು ನಿಜವೆಂದು ಕಾಣುತ್ತದೆ. ಆದರೆ ಅಂಥವಳ ಮುಂದೆ ಏನೆಂದು ಕೈಮುಗಿಯುವುದು? ಕೇಳಿದರೂ ಕೊಡುವಷ್ಟು ಅವಳ ಹತ್ತಿರ ಇಲ್ಲ. ಇನ್ನು ಯಾರೂ ಇಲ್ಲವೆಂದುಕೊಂಡರೆ, ಆ ಬೆಳಿಗ್ಗೆಯ ಕರೆ ಬರೀ ಗಾಳಿಗೆ ಹೋಯಿತು. ಕ್ಷಮಿಸು ಎಂದು ನಾನು ಕೇಳುವುದೂ ಗಾಳಿಗೇ. ಮೂರರಲ್ಲಿ ಯಾವುದನ್ನು ಹಿಡಿದರೂ ನನಗೆ ನೆಲ ಸಿಗಲಿಲ್ಲ. ತರಗತಿಯಲ್ಲಿ ಮಾತ್ರ ಮೂರನ್ನೂ ಚೆನ್ನಾಗಿ ಪಾಠ ಮಾಡುತ್ತೇನೆಂದು ಹೆಸರು ಬಂತು.

ಅರವತ್ತರ ದಶಕ ಶುರುವಾಗಿತ್ತು. ಮೇಟಗಳ್ಳಿ ಕಡೆ ಹೊಲಗಳಲ್ಲಿ ಕಾರ್ಖಾನೆ ಏಳುತ್ತವೆ ಎಂಬ ಮಾತು ನಡೆದಿತ್ತು. ಅಕ್ಕನಿಗೆ ತಡವಾಗಿ ಹುಟ್ಟಿದ ಗಂಡುಮಗುವಿಗೆ ಐದು ವರ್ಷ. ಒಂದು ಬೆಳಿಗ್ಗೆ ಭಾವ ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಅವರ ಪಕ್ಕದ ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ಸಿಡುಬು ಎದ್ದಿತ್ತು. ದಾಕಿನವರು ಚಾವಡಿಯಲ್ಲಿ ಕೂತಿದ್ದರು. ಅಕ್ಕ ಮಗನನ್ನು ಕಳಿಸಲು ಒಪ್ಪುತ್ತಿಲ್ಲ.

"ಅವತ್ತು ಅಮ್ಮನೇ ಮದ್ದು ಮುಗ್ಸಿದ್ಲು, ಈಗ ನಾವು ಅಡ್ಡ ಹೋಗಬಾರ್ದು ಅಂತ ಕೂತವ್ಳೆ" ಅಂದರು. "ನನ್ ಮಾತು ಕೇಳಲ್ಲ. ಮೇಷ್ಟ್ರು ಅಂದ್ರೆ ಅವಳ್ಗೊಂದು ಗೌರವ. ನೀನೊಂದು ಮಾತು ಬಂದು ಹೇಳಪ್ಪ."

ಭಾವನ ಹಿಂದೆಯೇ ಸೈಕಲ್ ತುಳಿದುಕೊಂಡು ಪಡುವಾರಹಳ್ಳಿಗೆ ಹೋದೆ. ಹೇಳಲೇಬೇಕಾದ ಮಾತು ಒಂದೇ, ಅದು ಏನೆಂದು ನನಗೆ ಗೊತ್ತಿತ್ತು. ಅಕ್ಕನ ಬೀದಿಯವರು ಮಾರಮ್ಮನಿಗೆ ತಂಪು ಮಾಡುವ ದಿನ ಅದು. ಅಕ್ಕ ಆರತಿಗೆಂದು ತಂಬಿಟ್ಟು ಕಲಸುತ್ತಾ ಕೂತಿದ್ದಳು, ಮೊಣಕೈವರೆಗೂ ಹಿಟ್ಟು. ಹುಡುಗ ಪಕ್ಕದಲ್ಲಿ ಬೆಲ್ಲ ಚಪ್ಪರಿಸುತ್ತಿದ್ದ. ನಾನು ಕೂರಲಿಲ್ಲ.

"ಅವತ್ತು ಮದ್ದು ಮುಗಿದಿರಲಿಲ್ಲ ಅಕ್ಕ" ಅಂದೆ. "ನಾನು ಚಾವಡಿಗೇ ಹೋಗಿರಲಿಲ್ಲ. ನಿನಗೆ ಸುಳ್ಳು ಹೇಳಿದೆ."

ಅವಳ ಕೈ ಹಿಟ್ಟಿನಲ್ಲಿ ನಿಂತಿತು. "ಮತ್ತೆಲ್ಲಿದ್ದೆ?"

"ಕಾಲೇಜಲ್ಲಿ. ನೀನು ಹೇಳ್ತಿದ್ಯಲ್ಲ ಮೊಟ್ಟೆ ಕಥೆ, ಅದನ್ನ ಹೇಳಿ ಎಲ್ಲರನ್ನೂ ನಗಿಸ್ತಾ ಇದ್ದೆ."

ಅವಳು ಮತ್ತೆ ಹಿಟ್ಟು ಕಲಸತೊಡಗಿದಳು. ಅಳುತ್ತಾಳೆ, ಹೊಡೆಯುತ್ತಾಳೆ, ಮನೆ ಬಿಟ್ಟು ಹೋಗು ಅನ್ನುತ್ತಾಳೆ ಅಂತ ಕಾದೆ. ಅವುಗಳಲ್ಲಿ ಏನಾದರೂ ಆಗಲಿ ಎಂದು ಹನ್ನೆರಡು ವರ್ಷದಿಂದ ಕಾದಿದ್ದೆ. ಅವಳು ತಲೆ ಎತ್ತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀನೆಷ್ಟರೋನು ಕಣೋ?" ಅಂದಳು. "ಕೂಸು ಕರೆದ್ಲು, ಅಮ್ಮ ಬಂದು ಕರ್ಕೊಂಡೋದ್ಲು. ನಾನು ಕಣ್ಣಾರೆ ಕಂಡಿವ್ನಿ. ನೀನು ಬಂದಿದ್ರೇನು, ಬರ್ದಿದ್ರೇನು? ನನ್ ಮಗ್ಳ ಸಾವು ನಿನ್ ಕೈಲಿತ್ತಾ? ಅಷ್ಟು ದೊಡ್ಡೋನಾಗ್ಬುಟ್ಟಾ ನೀನು?"

ಕೂಸು ಕರೆದದ್ದು ನಿನ್ನನ್ನು ಎಂಬ ಮಾತು ಇನ್ನೂ ನನ್ನ ಹತ್ತಿರ ಉಳಿದಿತ್ತು. ಅದನ್ನು ಹೇಳಲಿಲ್ಲ. ಇಷ್ಟು ವರ್ಷವಾದರೂ ಹೇಳಿಲ್ಲ, ಈಗ ಕೇಳಿಸಿಕೊಳ್ಳಲು ಅವಳೂ ಇಲ್ಲ.

ಅಕ್ಕ ಹುಡುಗನ ಬಾಯಿ ಒರೆಸಿ ನನ್ನ ಕಡೆ ತಳ್ಳಿದಳು.

"ಕರ್ಕೊಂಡೋಗು. ಮದ್ದು ಮುಗಿದಿದ್ರೆ ವಾಪಸ್ ಕರ್ಕೊಂಡ್ ಬಾ."

ಹುಡುಗನ ಕೈ ಹಿಡಿದು ಚಾವಡಿಗೆ ನಡೆದೆ. ಹತ್ತು ನಿಮಿಷದ ದಾರಿ. ಮದ್ದು ಇತ್ತು. ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದೆ. ಅವರು ಗೀರಿದ ಕೂಡಲೇ ಹುಡುಗ "ಅವ್ವಾ" ಅಂತ ಕಿರುಚಿದ. ಈ ಮಗನಿಗೆ ಅಮ್ಮ ಅನ್ನಲು ಅಕ್ಕ ಒಂದು ದಿನವೂ ಬಿಟ್ಟಿರಲಿಲ್ಲ.

"ಇಲ್ಲೇ ಇವ್ನಿ ಕಣಪ್ಪ" ಅಂತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದೆ. ಕೂಸಿನ ಕೈ ಕುಯ್ಯುವುದನ್ನು ನೋಡಲಾರೆ ಅಂದಿದ್ದವಳು ಚಾವಡಿಯ ಕಂಬದ ಪಕ್ಕ ನಿಂತಿದ್ದಳು, ಕೈಗೆ ಅಂಟಿದ ಹಿಟ್ಟನ್ನೂ ತೊಳೆಯದೆ. ನಮ್ಮ ಹಿಂದೆಯೇ ಬಂದಿರಬೇಕು. ಹುಡುಗನನ್ನು ನನ್ನ ತೊಡೆಯಿಂದ ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ತೋಳಿನ ಗಾಯವನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಾಕುದ್ರಾ ಇಲ್ವಾ ಅಂತ ನಾನೇ ನೋಡವಾ ಅಂತ ಬಂದೆ" ಅಂತ ಮದ್ದು ಹಾಕುವವರಿಗೆ ಹೇಳಿದಳು. ನನ್ನ ಮುಖ ನೋಡಲಿಲ್ಲ.

ಅವತ್ತು ಚಾವಡಿಗೇ ಹೋಗಿರಲಿಲ್ಲ ಅಂತ ನಾನು ಹೇಳಿದ್ದನ್ನು ಅವಳು ನಂಬಿದ್ದಳು.